ಜಕ್ಕೂರಿನಲ್ಲಿ ಮೇಲೇರಿದ ಕ್ಷಣಗಳಲ್ಲೇ ಪತನ: 12 ವರ್ಷ ತೆರೆ ಆಳಿದ ಸೌಂದರ್ಯ ಬದುಕು ಹೀಗಿತ್ತು

2004ರ ಏಪ್ರಿಲ್ 17, ಶನಿವಾರ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಿಂದ ಬೆಳಗ್ಗೆ 11 ಗಂಟೆ ಸುಮಾರಿಗೆ ಸೆಸ್ನಾ-180 ಲಘು ವಿಮಾನ ಹೊರಟಿತು. ಒಳಗಿದ್ದವರು ನಟಿ ಸೌಂದರ್ಯ, ಅಣ್ಣ ಅಮರನಾಥ್, ಮತ್ತೊಬ್ಬ ಪ್ರಯಾಣಿಕ ಹಾಗೂ ಪೈಲಟ್. ಬಿಜೆಪಿ ಪರ ಪ್ರಚಾರಕ್ಕೆ ಕರೀಂನಗರಕ್ಕೆ ಹೋಗಬೇಕಿತ್ತು. ನೂರೈವತ್ತು ಅಡಿಯಷ್ಟೇ ಏರಿದ ವಿಮಾನ ಪಕ್ಕದ ಜಿಕೆವಿಕೆ ಕೃಷಿ ವಿವಿ ಆವರಣಕ್ಕೆ ಬಿದ್ದು ಹೊತ್ತಿ ಉರಿಯಿತು. ಹೊಲದಲ್ಲಿದ್ದ ಕೆಲಸಗಾರರು ಓಡಿ ಬಂದರೂ ಒಬ್ಬರೂ ಉಳಿಯಲಿಲ್ಲ.

ಕೋಲಾರ ಜಿಲ್ಲೆಯ ಮುಳಬಾಗಿಲು ಮೂಲದ ಸೌಂದರ್ಯ ಅವರ ಮೊದಲ ಹೆಸರು ಸೌಮ್ಯ. ತಂದೆ ಕೆ.ಎಸ್. ಸತ್ಯನಾರಾಯಣ ಚಿತ್ರ ಸಾಹಿತಿ, ನಿರ್ಮಾಪಕರು. ಎಂಬಿಬಿಎಸ್ ಓದುತ್ತಿದ್ದ ಹುಡುಗಿ 1992ರಲ್ಲಿ 'ಗಂಧರ್ವ' ಚಿತ್ರದಿಂದ ಬಣ್ಣ ಹಚ್ಚಿದರು, ಓದು ಅರ್ಧಕ್ಕೆ ನಿಂತಿತು. ತೆಲುಗಿನಲ್ಲಿ 1995ರ 'ಅಮ್ಮೋರು' ಅವರನ್ನು ಮನೆಮಗಳನ್ನಾಗಿ ಮಾಡಿತು. ತಮಿಳಿನಲ್ಲಿ ರಜನಿಕಾಂತ್ ಜೊತೆ 'ಅರುಣಾಚಲಂ', 'ಪಡೆಯಪ್ಪ'. ಹಿಂದಿಯಲ್ಲಿ ಅಮಿತಾಭ್ ಜೊತೆ 'ಸೂರ್ಯವಂಶಂ', ಟಿವಿಯಲ್ಲಿ ಈಗಲೂ ಬಿಡದೆ ಬರುವ ಅದೇ ಸಿನಿಮಾ!

ಆದರೆ ಕನ್ನಡಿಗರು ಅವರನ್ನು ನೆನೆಯಬೇಕಿರುವುದು 'ದ್ವೀಪ'ಕ್ಕಾಗಿ. ತೆಲುಗಿನಲ್ಲಿ ಬೇಡಿಕೆಯಲ್ಲಿದ್ದಾಗಲೇ ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ ಈ ಚಿತ್ರಕ್ಕೆ ಅವರೇ ಹಣ ಹಾಕಿದರು. ಗಿರೀಶ್ ಕಾಸರವಳ್ಳಿ ನಿರ್ದೇಶನ. ಅಣೆಕಟ್ಟಿನ ನೀರು ಮನೆಯಂಗಳಕ್ಕೆ ಬಂದರೂ ಕದಲದ ನಾಗಿಯ ಪಾತ್ರ ಅವರದು. 2002ರ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ ಅದಕ್ಕೇ ಬಂತು. ಮದುವೆಯಾಗಿದ್ದು 2003ರಲ್ಲಿ. ಬಿಜೆಪಿ ಸೇರಿದ್ದು ಮರುವರ್ಷ, ಚುನಾವಣೆ ಹೊಸ್ತಿಲಲ್ಲಿ.

ದುರಂತದ ಬಳಿಕ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ತನಿಖೆಗಿಳಿಯಿತು. ಇಂಥ ಪುಟ್ಟ ವಿಮಾನಗಳಲ್ಲಿ ದೊಡ್ಡ ವಿಮಾನಗಳಂತೆ ಬ್ಲ್ಯಾಕ್ ಬಾಕ್ಸ್ ಇರುವುದಿಲ್ಲ. ತನಿಖಾಧಿಕಾರಿಗಳಿಗೆ ಸಿಗುವುದು ಸುಟ್ಟ ಎಂಜಿನ್, ರೆಕ್ಕೆಯ ಚೂರು, ನಿರ್ವಹಣೆಯ ದಾಖಲೆ ಮತ್ತು ಕಂಡವರ ಮಾತು. ಬೀಳುವ ಮುನ್ನ ವಿಮಾನ ಓಲಾಡಿತು ಎಂದು ಪ್ರತ್ಯಕ್ಷದರ್ಶಿಗಳು ಹೇಳಿದ್ದರು. ಅಷ್ಟು ಕಡಿಮೆ ಎತ್ತರದಲ್ಲಿ ವೇಗ ಕುಸಿದರೆ, ಮೂತಿ ತಗ್ಗಿಸಿ ಮತ್ತೆ ವೇಗ ಪಡೆಯಲು ಯಾವ ಪೈಲಟ್‌ಗೂ ಜಾಗವೇ ಸಿಗದು. ಸಾವಿರಾರು ಅಡಿ ಮೇಲಿದ್ದರೆ ಸರಿಪಡಿಸಬಹುದಾದ ತೊಂದರೆ ಟೇಕಾಫ್ ವೇಳೆ ಪ್ರಾಣ ತೆಗೆಯುತ್ತದೆ.

ಇಷ್ಟಾದರೂ ವದಂತಿ ನಿಂತಿಲ್ಲ. 2025ರಲ್ಲಿ ತೆಲಂಗಾಣದ ಖಮ್ಮಂನಲ್ಲಿ ವ್ಯಕ್ತಿಯೊಬ್ಬರು ಇದು ಅಪಘಾತವಲ್ಲ, ಜಮೀನಿಗಾಗಿ ನಡೆದ ಕೊಲೆ ಎಂದು ದೂರು ಕೊಟ್ಟರು. ಸೌಂದರ್ಯ ಅವರ ಪತಿಯೇ ಮುಂದೆ ಬಂದು ಅದನ್ನು ತಳ್ಳಿಹಾಕಿದರು.

ಅವರ 'ಆಪ್ತಮಿತ್ರ' ತೆರೆಗೆ ಬಂದಿದ್ದು ಸಾವಿನ ನಾಲ್ಕು ತಿಂಗಳ ನಂತರ, ಆಗಸ್ಟ್‌ನಲ್ಲಿ. ನಾಗವಲ್ಲಿಯಾಗಿ ಅವರು ಕುಣಿದಾಗ ಚಿತ್ರಮಂದಿರಗಳು ಶಿಳ್ಳೆಯಲ್ಲಿ ಮುಳುಗಿದವು. ಬಾಲಕೃಷ್ಣ ಅವರ ತೆಲುಗು 'ನರ್ತನಶಾಲ'ದಲ್ಲಿ ಸೌಂದರ್ಯ ದ್ರೌಪದಿಯಾಗಿದ್ದರು. ಅವರ ಸಾವಿನಿಂದ ಆ ಚಿತ್ರವೇ ನಿಂತುಹೋಯಿತು. ಚಿತ್ರೀಕರಿಸಿದ್ದ ಕೆಲವೇ ನಿಮಿಷಗಳ ದೃಶ್ಯ ಪ್ರೇಕ್ಷಕರಿಗೆ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ.