ಹತ್ತು ಶಿಲ್ಲಿಂಗಿಗೆ ಹೋದ ಸಿಂಹದ ಹಾಡು

1994ರಲ್ಲಿ ಬಂದ ಡಿಸ್ನಿಯ 'ಲಯನ್ ಕಿಂಗ್' ಸಿನಿಮಾ ನೋಡಿದ ಮಕ್ಕಳಿಗೆಲ್ಲ 'ದಿ ಲಯನ್ ಸ್ಲೀಪ್ಸ್ ಟುನೈಟ್' ಹಾಡಿನ ಪರಿಚಯ ಉಂಟು. ಇಂಗ್ಲಿಷಿನದು ಎಂದು ಎಲ್ಲರೂ ತಿಳಿದಿರುವ ಈ ಹಾಡಿನ ಮೂಲ ಜುಲು ಭಾಷೆ. ಅದನ್ನು ಕಟ್ಟಿ ಹಾಡಿದವರು ದಕ್ಷಿಣ ಆಫ್ರಿಕಾದ ಸೊಲೊಮನ್ ಲಿಂಡಾ.

ಲಿಂಡಾ 1909ರಲ್ಲಿ ನಟಾಲ್ ಪ್ರಾಂತ್ಯದ ಹಳ್ಳಿಗಾಡಿನಲ್ಲಿ ಹುಟ್ಟಿದರು. ಮಿಷನ್ ಶಾಲೆಯಲ್ಲಿ ಒಂದಿಷ್ಟು ಓದು, ಉಳಿದಂತೆ ದನ ಕಾಯುವ ಕೆಲಸ. ಕರುಗಳಿಗೆ ಹೊಂಚು ಹಾಕುವ ಸಿಂಹವನ್ನು ಹುಡುಗರೇ ಓಡಿಸಬೇಕಿತ್ತಂತೆ. ಆ ನೆನಪೇ ಮುಂದೆ ಹಾಡಾಯಿತು ಎನ್ನುತ್ತಾರೆ. 1931ರಲ್ಲಿ ಹೊಟ್ಟೆಪಾಡಿಗಾಗಿ ಜೋಹಾನ್ಸ್‌ಬರ್ಗ್ ಸೇರಿದರು. ಪೀಠೋಪಕರಣದ ಅಂಗಡಿ, ಹೋಟೆಲು ಎಂದು ದುಡಿದು, ಕೊನೆಗೆ ಗ್ಯಾಲೊ ಎಂಬ ಗ್ರಾಮಫೋನ್ ಕಂಪನಿಯಲ್ಲಿ ತಟ್ಟೆಗಳನ್ನು ಕಟ್ಟಿಡುವ ಕೆಲಸಕ್ಕೆ ನಿಂತರು.

ಊರು ಬಿಟ್ಟು ಬಂದ ಜುಲು ಕೂಲಿಕಾರರು ವಾರದ ಕೊನೆಗೆ ತಾವಿದ್ದ ವಸತಿಗಳಲ್ಲಿ ಹಾಡಿನ ಪಂದ್ಯ ಕಟ್ಟುತ್ತಿದ್ದರು. ಅಲ್ಲಿ ಲಿಂಡಾರ 'ಈವ್ನಿಂಗ್ ಬರ್ಡ್ಸ್' ತಂಡಕ್ಕೆ ದೊಡ್ಡ ಹೆಸರು. ಗೆರೆಗೆರೆಯ ಸೂಟು, ತಲೆಗೆ ಟೊಪ್ಪಿಗೆ. ಹಿಂದೆ ಮಂದ್ರದ ದಪ್ಪ ದನಿಗಳು, ಅವುಗಳ ಮೇಲೆ ಲಿಂಡಾರ ತಾರಸ್ಥಾಯಿಯ ಕೊರಳು.

1939ರಲ್ಲಿ ಗ್ಯಾಲೊ ಸ್ಟುಡಿಯೋದಲ್ಲಿ ಈ ತಂಡ 'ಎಂಬುಬೆ' ಹಾಡಿತು. ಎಂಬುಬೆ ಎಂದರೆ ಜುಲುವಿನಲ್ಲಿ ಸಿಂಹ. ಮೂರನೇ ಸಲ ಧ್ವನಿಮುದ್ರಣ ಮಾಡುವಾಗ ಲಿಂಡಾ ಕೊನೆಯ ಕೆಲವೇ ಸೆಕೆಂಡು ಆಗಿಂದಾಗ್ಗೆ ಹೊಳೆದ ಒಂದು ಧಾಟಿ ಎತ್ತಿದರು. ಇಂದು ಜಗತ್ತಿಗೆ ಗೊತ್ತಿರುವುದು ಆ ಧಾಟಿಯೇ. ತಟ್ಟೆ ಹತ್ತು ವರ್ಷಗಳಲ್ಲಿ ಸುಮಾರು 1 ಲಕ್ಷ ಮಾರಾಟವಾಯಿತು. ಆ ಬಗೆಯ ಹಾಡಿಕೆಗೇ ಎಂಬುಬೆ ಎಂಬ ಹೆಸರು ಬಿತ್ತು. ಹಕ್ಕು ಮಾತ್ರ ಕಂಪನಿಯ ಪಾಲಾಯಿತು. ಲಿಂಡಾರ ಕೈಗೆ ಬಂದದ್ದು 10 ಶಿಲ್ಲಿಂಗ್.

ಈ ತಟ್ಟೆ ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್ ಅವರ ಕೈ ಸೇರಿತು. ಜುಲು ಬಾರದ ಅವರ ಕಿವಿಗೆ, ನೀನು ಸಿಂಹ ಎಂಬರ್ಥದ ಮಾತು 'ವಿಮೊವೆ' ಎಂದು ಕೇಳಿಸಿತು. ಎರಡು ಭಾಷೆಯ ನಡುವೆ ಬದುಕುವವರಿಗೆ ಇಂಥ ಎಡವಟ್ಟು ಹೊಸದಲ್ಲ. ಆದರೆ ಇಲ್ಲಿ ಎಡವಟ್ಟೇ ಶೀರ್ಷಿಕೆಯಾಯಿತು. ಸೀಗರರ 'ವೀವರ್ಸ್' ತಂಡದ ಹಾಡು 1952ರಲ್ಲಿ ಜನಪ್ರಿಯವಾದಾಗ ತಟ್ಟೆಯ ಮೇಲಿದ್ದದ್ದು 'ಪಾಲ್ ಕ್ಯಾಂಬೆಲ್' ಎಂಬ ಇಲ್ಲದ ಮನುಷ್ಯನ ಹೆಸರು. ತನ್ನ ಪಾಲಿನ ಹಣ ಲಿಂಡಾಗೆ ಹೋಗಲಿ ಎಂದು ಸೀಗರ್ ಪ್ರಕಾಶಕರಿಗೆ ತಿಳಿಸಿದ್ದರು ಎಂಬುದನ್ನೂ ಹೇಳಬೇಕು. ಲಿಂಡಾರ ಮನೆಯ ಬಡತನವೇನೂ ನೀಗಲಿಲ್ಲ.

1960ರಲ್ಲಿ ಮಿರಿಯಮ್ ಮಕೇಬಾ ಅದನ್ನು ಜುಲುವಿನಲ್ಲೇ ಹಾಡಿದರು. 1961ರಲ್ಲಿ ಜಾರ್ಜ್ ವೈಸ್ ಇಂಗ್ಲಿಷ್ ಸಾಹಿತ್ಯ ಸೇರಿಸಿದರು. 'ಟೋಕನ್ಸ್' ತಂಡದ ದನಿಯಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1962ರಲ್ಲಿ ಆನ್ರಿ ಸಾಲ್ವಡೋರ್ ಫ್ರೆಂಚಿನಲ್ಲಿ ಹಾಡಿದರು. ಇಂಗ್ಲಿಷಿನಲ್ಲಿ ಮಲಗಿದ ಸಿಂಹ ಫ್ರೆಂಚಿನಲ್ಲಿ ಸತ್ತೇಹೋಯಿತು! 1972ರಲ್ಲಿ ರಾಬರ್ಟ್ ಜಾನ್, 1982ರಲ್ಲಿ ಬ್ರಿಟನ್ನಿನ 'ಟೈಟ್ ಫಿಟ್' ಸೇರಿ ಹೀಗೆ ಹಾಡಿದವರು ನೂರಕ್ಕೂ ಹೆಚ್ಚು.

ಇತ್ತ ಲಿಂಡಾ 1959ರಲ್ಲಿ ವೇದಿಕೆಯ ಮೇಲೆ ಕುಸಿದುಬಿದ್ದಿದ್ದರು. ಮೂತ್ರಪಿಂಡದ ಕಾಯಿಲೆ. 1962ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಹಣ ಏನೇನೂ ಇಲ್ಲ. ಸಮಾಧಿಗೊಂದು ಕಲ್ಲು ನಿಲ್ಲಿಸಲು ಪತ್ನಿಗೆ 18 ವರ್ಷ ಬೇಕಾಯಿತು.

2000ದಲ್ಲಿ ದಕ್ಷಿಣ ಆಫ್ರಿಕಾದ ಪತ್ರಕರ್ತ ರಿಯಾನ್ ಮಲಾನ್ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಈ ಕಥೆಯನ್ನೆಲ್ಲ ಬಿಚ್ಚಿಟ್ಟರು. ನೆರವಿಗೆ ಬಂದದ್ದು ಬ್ರಿಟಿಷರ 1911ರ ಕೃತಿಸ್ವಾಮ್ಯ ಕಾಯಿದೆ. ಅದೇ ಕಾಯಿದೆ ಕೆಲವು ಮಾರ್ಪಾಡುಗಳೊಡನೆ 1914ರಲ್ಲಿ ಭಾರತಕ್ಕೂ ಬಂದಿತ್ತು. ಕರ್ತೃ ಹಕ್ಕು ಮಾರಿದ್ದರೂ, ಅವರು ಸತ್ತ 25 ವರ್ಷಗಳ ಬಳಿಕ ಅದು ವಾರಸುದಾರರಿಗೆ ಮರಳಬೇಕು ಎಂಬ ಕಲಮು ಅದರಲ್ಲಿತ್ತು. ಅಂದರೆ 1987ರಿಂದ ಹಾಡು ಲಿಂಡಾರ ಮಕ್ಕಳದ್ದು. 2004ರಲ್ಲಿ ಡಿಸ್ನಿಯ ಮೇಲೆ ಮೊಕದ್ದಮೆ ಹೂಡಲಾಯಿತು. 2006ರ ಫೆಬ್ರವರಿಯಲ್ಲಿ ರಾಜಿಯಾಗಿ, ಹಾಡು 'ಎಂಬುಬೆ'ಯಿಂದ ಬಂದದ್ದು, ಲಿಂಡಾ ಅದರ ಸಹ-ರಚನೆಕಾರರು ಎಂದು ಒಪ್ಪಲಾಯಿತು. 1987ರಿಂದೀಚಿನ ಬಾಕಿಯ ಜೊತೆಗೆ ಮುಂದಿನ ಗೌರವಧನದಲ್ಲೂ ಕುಟುಂಬಕ್ಕೆ ಪಾಲು ಸಿಕ್ಕಿತು. ಆ ಒಪ್ಪಂದದ ಅವಧಿ 2017ಕ್ಕೆ ಮುಗಿಯಿತು.