ಆಲಿಸ್ ಮಿಲಿಯಾ ಎಂಬಾಕೆಯ ಚರಿತ್ರೆ

ಆಲಿಸ್ ಮಿಲಿಯಾ ಎಂಬಾಕೆಯು 1884ರಲ್ಲಿ ಫ್ರಾನ್ಸ್ ದೇಶದ ನಾಂತ್ ಪಟ್ಟಣದಲ್ಲಿ ಜನಿಸಿದಳು. ಎಳೆಯ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡರೂ ಧೃತಿಗೆಡದೆ, ದೋಣಿಯ ಹುಟ್ಟುಹಾಕುವುದರಲ್ಲಿ ನಿಪುಣಳಾಗಿ, ಪ್ಯಾರಿಸಿನ ಫೆಮಿನಾ ಸ್ಪೋರ್ಟ್ ಎಂಬ ಸ್ತ್ರೀಯರ ಕ್ರೀಡಾಸಂಘಕ್ಕೆ ಅಧ್ಯಕ್ಷಳಾದಳು.

ನಮ್ಮ ಸೀಮೆಯ ಗರಡಿಮನೆಗಳಂತೆ ಅಂದಿನ ಯುರೋಪಿನ ಕ್ರೀಡಾಸಂಘಗಳೂ ಬಹುಮಟ್ಟಿಗೆ ಪುರುಷರವೇ ಆಗಿದ್ದವು. ಒಲಿಂಪಿಕ್ ಓಟದ ಪಂದ್ಯಗಳಲ್ಲಿ ಸ್ತ್ರೀಯರಿಗೂ ಎಡೆಗೊಡಬೇಕೆಂದು 1919ರಲ್ಲಿ ಆಕೆಯು ಬಿನ್ನವಿಸಿಕೊಳ್ಳಲು, ಅಧಿಕಾರಿಗಳು ಒಪ್ಪಲಿಲ್ಲ. ಆಗ ಆಕೆಯು 1921ರಲ್ಲಿ ಸ್ತ್ರೀಯರ ಅಂತರರಾಷ್ಟ್ರೀಯ ಕ್ರೀಡಾಸಂಘವನ್ನು ಸ್ಥಾಪಿಸಿ, 1922ರ ಆಗಸ್ಟ್ 20ರಂದು ಪ್ಯಾರಿಸಿನಲ್ಲಿ ಐದು ದೇಶಗಳ ಸ್ತ್ರೀಯರ ಒಲಿಂಪಿಕ್ ಪಂದ್ಯಗಳನ್ನು ನಡೆಯಿಸಿದಳು. ಒಲಿಂಪಿಕ್ ಎಂಬ ಹೆಸರಿಗೆ ಪುರುಷರು ಆಕ್ಷೇಪಿಸಿದರು. ಆಕೆಯು ಆ ಹೆಸರನ್ನು ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್‌ನಲ್ಲಿ ಸ್ತ್ರೀಯರಿಗೆ ಐದು ಪಂದ್ಯಗಳನ್ನು ದೊರಕಿಸಿದಳು. ಅಲ್ಲಿ ಆಕೆಯು ತೀರ್ಪುಗಾರಳಾಗಿಯೂ ಕುಳಿತಳು.

ಆದರೆ 800 ಮೀಟರ್ ಓಟವು ಸ್ತ್ರೀಯರ ಶಕ್ತಿಗೆ ಮೀರಿದ್ದೆಂದು ಅದನ್ನು ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ. ಅಷ್ಟರೊಳಗೆ, 1957ರಲ್ಲಿ, ಆಲಿಸಳು ಕಾಲವಾಗಿದ್ದಳು.

ಬಾಲೆಯರೇ, ಹೊಸರಿತ್ತಿಯ ಬಯಲಿನಲ್ಲಿ ನೀವು ಓಡುವಾಗ, ತಾನು ಕಾಣದ ಫಲಕ್ಕಾಗಿ ದುಡಿದ ಈ ವಿಧವೆಯನ್ನು ನೆನೆಯಿರಿ.