ಕಣ್ಣು ಹೋದರೂ ಕಡಲು ಬಿಡದ ರಂಫಿಯಸ್



ನಮ್ಮ ಜಕ್ಕಲಿಯಿಂದ ಸಮುದ್ರ ಬಹಳ ದೂರ. ಆದರೂ ಜಗಲಿ ಮ್ಯಾಲಿನ ಶಂಖ, ಗೊಂದಲಿಗರ ಕೊರಳಾಗಿನ ಕವಡಿ ಸರ ನಾವೆಲ್ಲ ನೋಡೇವಿ. ಇವು ಕಡಲಿನ ಬಸವನಹುಳಗಳ ಚಿಪ್ಪು. ಯಾವುದಾದರೂ ಬೇಡವಾದರೆ ಕವಡಿ ಕಿಮ್ಮತ್ತಿಲ್ಲ ಅಂತೀವಿ. ಆದರೆ ಇಂಥ ಬೆನ್ನೆಲುಬಿಲ್ಲದ ಪ್ರಾಣಿಗಳಿಗಾಗಿ ಒಬ್ಬರು ಜನ್ಮವನ್ನೇ ಸವೆಸಿದರು. ಅವರ ಚರಿತ್ರೆ ಓದಿದಾಗ ನಿಮಗೂ ಹೇಳಬೇಕು ಅನಿಸಿತು.

ಜಾರ್ಜ್ ಎಬರ್‌ಹಾರ್ಡ್ ರಂಫಿಯಸ್ 1627ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು, ಈಗ ಇಂಡೋನೇಷ್ಯಾದಲ್ಲಿರುವ ಅಂಬಾನ್ ದ್ವೀಪಕ್ಕೆ ಹೋದರು. ಅಲ್ಲಿ ದಂಡೆಯ ಹತ್ತಿರ ನೀರಿನೊಳಗೇ ಹುಲ್ಲು ಬೆಳೆಯುತ್ತದೆ. ಅದು ಪಾಚಿಯಲ್ಲ, ಬೇರು ಹೂವು ಎಲ್ಲಾ ಇರುವ ಸಸ್ಯ. ಆ ಹುಲ್ಲಿನಾಗ ಏಡಿ, ಸೀಗಡಿ, ಬಸವನಹುಳ, ಮೈತುಂಬ ಮುಳ್ಳಿರುವ ಕಡಲ ಅರ್ಚಿನ್, ಸೌತೆಕಾಯಿಯಂತೆ ಬಿದ್ದಿರುವ ಕಡಲಸೌತೆ ವಾಸ ಮಾಡತಾವ. ನಕ್ಷತ್ರಮೀನೂ ಇರತಾವ, ಅವು ಹೆಸರಿಗೆ ಮಾತ್ರ ಮೀನು! ಕಂಪನಿಗೆ ಬೇಕಾದದ್ದು ಲವಂಗದ ವ್ಯಾಪಾರ. ರಂಫಿಯಸ್ ಅವರ ಮನಸ್ಸು ಮಾತ್ರ ಗಿಡಗಳ ಮೇಲೆ, ಕಡಲ ಜೀವಿಗಳ ಮೇಲೆ. ಆ ದ್ವೀಪದ ಜನರು ಅವುಗಳನ್ನು ಏನಂತ ಕರೆಯುತ್ತಾರೆ ಎಂಬುದನ್ನೂ ಬರೆದಿಟ್ಟರು.

1670ರಲ್ಲಿ ಅವರ ಕಣ್ಣು ಹೋದವು. 1674ರ ಭೂಕಂಪದಲ್ಲಿ ಹೆಂಡತಿ ಸುಸನ್ನಾ ಮತ್ತು ಮಗಳು ತೀರಿಕೊಂಡರು. 1687ರಲ್ಲಿ ಊರಿಗೆ ಬೆಂಕಿ ಬಿದ್ದು ಅವರ ಪುಸ್ತಕ, ಚಿತ್ರ ಸುಟ್ಟುಹೋದವು. 1692ರಲ್ಲಿ ಗಿಡಗಳ ಬಗ್ಗೆ ಬರೆದ ಗ್ರಂಥ ಒಯ್ಯುತ್ತಿದ್ದ ಹಡಗನ್ನು ಫ್ರೆಂಚರು ಮುಳುಗಿಸಿದರು. ಪುಣ್ಯಕ್ಕ ಅದರ ನಕಲು ಒಂದು ಉಳಿದಿತ್ತು.

ಇಷ್ಟಾದರೂ ಅವರು ಕೈಕಟ್ಟಿ ಕೂಡಲಿಲ್ಲ. ಮೊದಲು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದರು. ಕಣ್ಣು ಹೋದ ಮ್ಯಾಲೆ ಬಾಯಿಂದ ಹೇಳಿ ಬೇರೆಯವರ ಕೈಲೆ ಡಚ್ ಭಾಷೆಯಲ್ಲಿ ಬರೆಸಿದರು. ಮಗ ಪೌಲಸ್ ಚಿತ್ರ ತೆಗೆದುಕೊಟ್ಟ. 1702ರಲ್ಲಿ ಅಂಬಾನಿನಲ್ಲೇ ಕಾಲವಾದರು. ಏಡಿ, ಶಂಖ, ಚಿಪ್ಪುಗಳ ಅವರ ಪುಸ್ತಕ ಅಚ್ಚಾಗಿದ್ದು 1705ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಮುಂದೆ ಜೀವಿಗಳಿಗೆ ವೈಜ್ಞಾನಿಕ ಹೆಸರಿಟ್ಟ ಲಿನೇಯಸ್ ಆ ಪುಸ್ತಕದ ಚಿತ್ರಗಳನ್ನೇ ಆಧಾರ ಮಾಡಿಕೊಂಡರು.

ಗೆಳೆಯರೇ, ನಮ್ಮ ಎರಿಹೊಲದಾಗೂ ಬೆನ್ನೆಲುಬಿಲ್ಲದ ಪ್ರಾಣಿ ಎಷ್ಟೋ ಅದಾವ. ಎರೆಹುಳ, ಚೇಳು, ಮೊದಲ ಮಳಿಗೆ ಬರುವ ಕೆಂಪು ಮಕಮಲ್ಲಿನಂಥ ಹುಳ. ಇವುಗಳ ಹೆಸರು, ಗುಣ ನಮ್ಮ ಅಜ್ಜ ಅಮ್ಮರಿಗೆ ಗೊತ್ತು. ಕೇಳಿ ಬರೆದಿಡದಿದ್ದರೆ ಅವರ ಜೋಡಿ ಅದೂ ಹೋಗತದ. ನಮಗಂತೂ ಎರಡು ಕಣ್ಣು ಅದಾವಲ್ಲ!